ಹಾಜರಿ ಕಾರ್ಡಿನ ಸಾಕ್ಷಿ: ಲೋಪ್‌ಬುರಿಯ ಕೋಳಿ ಫಾರಂ ತೊರೆದ ಹದಿನಾಲ್ವರು ಬರ್ಮಾ ಕಾರ್ಮಿಕರ ಪ್ರಕರಣ

ಥಾಯ್ಲೆಂಡಿನ ಲೋಪ್‌ಬುರಿ ಪ್ರಾಂತ್ಯದ ಒಂದು ಕೋಳಿ ಫಾರಂನಲ್ಲಿ ದುಡಿಯುತ್ತಿದ್ದ ಹದಿನಾಲ್ಕು ಮಂದಿ ಬರ್ಮಾ ಕಾರ್ಮಿಕರು 2016ರ ಮಧ್ಯಭಾಗದಲ್ಲಿ ಕೆಲಸ ಬಿಟ್ಟು ಹೊರಬಂದು, ತಮಗೆ ಸಲ್ಲಬೇಕಾದ ಕೂಲಿ ಸಂದಿಲ್ಲವೆಂದು ದೂರು ಕೊಟ್ಟರು. ತಮ್ಮ ಮಾತಿಗೆ ಆಧಾರವಾಗಿ ಅವರ ಕಡೆಯಿಂದ ಕಾರ್ಮಿಕ ಅಧಿಕಾರಿಗಳ ಮುಂದೆ ಬಂದ ದಾಖಲೆಗಳಲ್ಲಿ ಹಾಜರಿ ಕಾರ್ಡುಗಳಿದ್ದವು. ಕೆಲಸಕ್ಕೆ ಬಂದಾಗಲೂ ಹೋದಾಗಲೂ ಗಡಿಯಾರದ ಯಂತ್ರಕ್ಕೆ ತೂರಿಸಿ ವೇಳೆಯನ್ನು ಅಚ್ಚು ಹಾಕಿಸುವ, ಯಾವ ಕಾರ್ಖಾನೆಯ ಬಾಗಿಲಲ್ಲೂ ಕಾಣಸಿಗುವ ರಟ್ಟಿನ ಚೀಟಿ ಅದು. ಈ ಪ್ರಕರಣದಲ್ಲಿ ಆ ಚೀಟಿ ಒಂದು ಕಡೆ ಪುರಾವೆಯಾಯಿತು, ಇನ್ನೊಂದು ಕಡೆ ಕಳವಿನ ಮಾಲೆಂದು ಹೆಸರಿಸಲ್ಪಟ್ಟಿತು. ವಲಸೆ ಕಾರ್ಮಿಕರ ಹಕ್ಕು ಮತ್ತು ಅವರ ಶಿಕ್ಷಣವನ್ನು ಎರಡು ಬೇರೆ ಬೇರೆ ಸೇವಾಕಾರ್ಯಗಳೆಂದು ಎಣಿಸುವುದು ತಪ್ಪು ಎಂದು ನಾನು ಭಾವಿಸುವುದಕ್ಕೆ ಆ ಚೀಟಿಯ ಕಥೆಯೇ ಕಾರಣವಾದ್ದರಿಂದ, ಪ್ರಕರಣವನ್ನು ಅದನ್ನು ಹಿಡಿದುಕೊಂಡೇ ವಿವರಿಸುತ್ತೇನೆ.

ಕಾನೂನು ಏನು ಕೊಟ್ಟಿತ್ತು

ಬರ್ಮಾದಲ್ಲಿ 1988ರ ಜನಚಳವಳಿಯನ್ನು ಸೇನೆ ಹತ್ತಿಕ್ಕಿದ ಮೇಲೆ ಗಡಿ ದಾಟಿ ಥಾಯ್ಲೆಂಡಿಗೆ ಹೋದವರಲ್ಲಿ ವಿದ್ಯಾರ್ಥಿಗಳೂ ಕರೆನ್, ಮೋನ್, ಶಾನ್ ಮುಂತಾದ ಗಡಿಸೀಮೆಯ ಜನರೂ ಇದ್ದರು. ಮುಂದಿನ ದಶಕಗಳಲ್ಲಿ ಆ ದಾರಿಯಲ್ಲೇ ಹೊಟ್ಟೆಪಾಡಿನ ವಲಸೆ ಬೆಳೆಯಿತು. ಸಿಗಡಿ ಮತ್ತು ಮೀನಿನ ಸಂಸ್ಕರಣೆ, ಸಿದ್ಧ ಉಡುಪು, ಕಟ್ಟಡ ಕೆಲಸ, ರಬ್ಬರ್ ತೋಟ, ಕೋಳಿ ಸಾಕಣೆ, ಮನೆಗೆಲಸ ಹೀಗೆ ಥಾಯ್ ಜನ ಬಿಟ್ಟುಕೊಡುತ್ತಾ ಬಂದ ಕೆಲಸಗಳಿಗೆಲ್ಲ ಬರ್ಮಾದ ಹಳ್ಳಿಗಳಿಂದ ಜನ ಬಂದರು. ಎರಡೂ ಸರ್ಕಾರಗಳು 2003ರಲ್ಲಿ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. ಆಮೇಲಿನ ವರ್ಷಗಳಲ್ಲಿ ರಾಷ್ಟ್ರೀಯತೆಯ ಪರಿಶೀಲನೆ, ತಾತ್ಕಾಲಿಕ ಪಾಸ್‌ಪೋರ್ಟ್, ಕೆಲಸದ ಪರವಾನಗಿ ಎಂಬ ಕಾಗದಗಳ ಸಾಲು ಶುರುವಾಯಿತು. ಕಾಗದ ಸಿಕ್ಕವರ ಸ್ಥಿತಿ ಸುಧಾರಿಸಿದ್ದು ನಿಜ. ಆದರೆ ಪರವಾನಗಿಯು ಕೆಲಸಕ್ಕಿಟ್ಟುಕೊಂಡ ಮಾಲೀಕನ ಹೆಸರಿಗೆ ಅಂಟಿಕೊಂಡಿದ್ದರಿಂದ, ಮಾಲೀಕನೊಡನೆ ಜಗಳವಾಡುವುದೆಂದರೆ ಆ ದೇಶದಲ್ಲಿ ಉಳಿಯುವ ಆಧಾರವನ್ನೇ ಪಣಕ್ಕಿಟ್ಟಂತೆ ಎಂಬ ಭಯ ಕಾಗದದ ಜೊತೆಗೇ ಬಂತು.

ಥಾಯ್ಲೆಂಡಿನ 1998ರ ಕಾರ್ಮಿಕ ರಕ್ಷಣಾ ಕಾಯಿದೆ ದೇಶೀಯ, ವಿದೇಶೀಯ ಎಂಬ ಭೇದ ಮಾಡುವುದಿಲ್ಲ. ದಿನಕ್ಕೆ ಎಂಟು ಗಂಟೆಯ ದುಡಿಮೆ, ವಾರಕ್ಕೆ ಕನಿಷ್ಠ ಒಂದು ರಜೆ, ಹೆಚ್ಚುವರಿ ಗಂಟೆಗೆ ಒಂದೂವರೆ ಪಟ್ಟು ಕೂಲಿ ಎಲ್ಲರಿಗೂ ಸಲ್ಲುತ್ತದೆ. ಕೂಲಿ ಸಿಗದವರು ಕಾರ್ಮಿಕ ನಿರೀಕ್ಷಕರಿಗೆ ದೂರು ಕೊಟ್ಟರೆ ಅವರು ವಿಚಾರಣೆ ನಡೆಸಿ 60 ದಿನಗಳೊಳಗೆ ಆದೇಶ ಹೊರಡಿಸಬೇಕು, ಮಾಲೀಕರು ಆ ಆದೇಶವನ್ನು ಪ್ರಶ್ನಿಸುವುದಾದರೆ ಮೊದಲು ಅಷ್ಟೂ ಹಣವನ್ನು ನ್ಯಾಯಾಲಯದಲ್ಲಿ ಠೇವಣಿ ಇಡಬೇಕು. ಕಾರ್ಮಿಕ ನ್ಯಾಯಾಲಯದಲ್ಲಿ ಶುಲ್ಕವಿಲ್ಲ, ಬರೆಯಲು ಬಾರದವರು ಬಾಯಿಮಾತಿನಲ್ಲೇ ದಾವೆ ಹೇಳಬಹುದು. ಇಷ್ಟನ್ನು ಓದಿದವರಿಗೆ ವಲಸೆ ಕಾರ್ಮಿಕನಿಗೆ ಕೊರತೆಯೇನಿದೆ ಎನಿಸಬಹುದು.

ಕೊರತೆ ಎರಡು ಕಡೆ ಇತ್ತು. ಮೊದಲನೆಯದು ಸಂಘಟನೆಯ ಹಕ್ಕು. 1975ರ ಕಾರ್ಮಿಕ ಸಂಬಂಧಗಳ ಕಾಯಿದೆಯ ಪ್ರಕಾರ ಕಾರ್ಮಿಕ ಸಂಘವನ್ನು ಸ್ಥಾಪಿಸುವವರು ಥಾಯ್ ಪ್ರಜೆಗಳಾಗಿರಬೇಕು, ಅದರ ಸಮಿತಿಯಲ್ಲಿ ಕೂರುವವರು ಹುಟ್ಟಿನಿಂದಲೇ ಥಾಯ್ ಪ್ರಜೆಗಳಾಗಿರಬೇಕು. ವಲಸೆಯವರು ಸದಸ್ಯರಾಗಬಹುದು, ಸಂಘ ಕಟ್ಟುವಂತಿಲ್ಲ. ಹತ್ತರಲ್ಲಿ ಒಂಬತ್ತು ಜನ ಬರ್ಮಾದವರೇ ಇರುವ ಒಂದು ಸಿಗಡಿ ಕಾರ್ಖಾನೆಯನ್ನು ಊಹಿಸಿಕೊಂಡರೆ ಈ ನಿಯಮದ ಪರಿಣಾಮ ಅರ್ಥವಾಗುತ್ತದೆ.

ಎರಡನೆಯ ಕೊರತೆ ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಹತ್ತು ಅಥವಾ ಹೆಚ್ಚು ಜನರನ್ನು ದುಡಿಸುವ ಮಾಲೀಕರು ಕಾರ್ಮಿಕರ ನೋಂದಣಿ ಪುಸ್ತಕವನ್ನು ಥಾಯ್ ಭಾಷೆಯಲ್ಲಿ ಇಡಬೇಕು, ದುಡಿದ ದಿನ, ವೇಳೆ, ಕೊಟ್ಟ ಕೂಲಿಯನ್ನು ಬರೆದ ದಾಖಲೆಗೆ ಕಾರ್ಮಿಕನ ಸಹಿ ಪಡೆಯಬೇಕು ಎಂದು ಅದೇ ಕಾಯಿದೆ ಹೇಳುತ್ತದೆ. ಕಾರ್ಮಿಕನ ರಕ್ಷಣೆಗೆಂದು ಬರೆದ ವಿಧಿಯದು. ಆದರೆ ಬರ್ಮಾದ ಹಳ್ಳಿಯಿಂದ ಬಂದವನಿಗೆ ಥಾಯ್ ಲಿಪಿ ಬಾರದು. ಥಾಯ್ ಕಾಗದದಲ್ಲಿ 2016ನೇ ಇಸವಿ 2559 ಎಂದು ಬೌದ್ಧಶಕೆಯಲ್ಲಿರುತ್ತದೆ, ಅಂಕಿಗಳೂ ಕೆಲವೊಮ್ಮೆ ಥಾಯ್ ಅಂಕಿಗಳೇ, ಅವನು ಊರ ಶಾಲೆಯಲ್ಲಿ ಕಲಿತಿದ್ದರೆ ಕಲಿತದ್ದು ಬರ್ಮೀ ಅಂಕಿ. ಹೀಗಿರುವಾಗ ಎಷ್ಟು ಗಂಟೆ ದುಡಿದೆನೆಂದು, ಎಷ್ಟು ಪಡೆದೆನೆಂದು ಬರೆದ ಹಾಳೆಗೆ ಅವನು ತಿಂಗಳು ತಿಂಗಳು ಸಹಿ ಹಾಕುತ್ತಾನೆ. ಮುಂದೆ ತಕರಾರೆದ್ದರೆ ಅವನ ವಿರುದ್ಧದ ಮೊದಲ ಸಾಕ್ಷಿ ಅವನದೇ ಸಹಿ. ನಮ್ಮ ಉದ್ಯೋಗ ಖಾತರಿ ಕೆಲಸಗಳಲ್ಲಿ ಎನ್‌ಎಂಆರ್ ಎಂಬ ಹಾಜರಿ ಪಟ್ಟಿಗೆ ಹೆಬ್ಬೆಟ್ಟು ಒತ್ತಿದವರಿಗೆ ಇದು ತೀರ ಅಪರಿಚಿತವಾದ ಅವಸ್ಥೆಯಲ್ಲ. ರಾಜಸ್ಥಾನದ ಕೂಲಿಕಾರರು 1990ರ ದಶಕದಲ್ಲಿ ಹಾಜರಿ ಪಟ್ಟಿಯನ್ನು ಊರ ಮುಂದೆ ಗಟ್ಟಿಯಾಗಿ ಓದಿಸಿದ್ದರಿಂದಲೇ ನಮ್ಮ ದೇಶದ ಮಾಹಿತಿ ಹಕ್ಕಿನ ಬೇಡಿಕೆಗೆ ಬಲ ಬಂತು ಎಂಬುದನ್ನು ಇಲ್ಲಿ ನೆನೆಯಬಹುದು. ಅಲ್ಲಿನವರಿಗೆ ಪಟ್ಟಿ ತಮ್ಮ ಭಾಷೆಯಲ್ಲಾದರೂ ಇತ್ತು.

ಮಹಾಚಾಯ್‌ನ ಕಚೇರಿ

ಬ್ಯಾಂಕಾಕಿನ ನೈಋತ್ಯಕ್ಕೆ ಸಮುದ್ರದಂಚಿನಲ್ಲಿ ಸಮುತ್ ಸಾಖೋನ್ ಎಂಬ ಪ್ರಾಂತ್ಯವಿದೆ. ಆ ಹೆಸರು ‘ಸಮುದ್ರ ಸಾಗರ’ ಎಂಬ ಸಂಸ್ಕೃತ ಜೋಡಿಯ ಥಾಯ್ ರೂಪ, ಅದರ ಮುಖ್ಯಪಟ್ಟಣವನ್ನು ಜನ ಕರೆಯುವ ‘ಮಹಾಚಾಯ್’ ನಮ್ಮ ಮಹಾಜಯ. ಸಿಗಡಿ ವ್ಯಾಪಾರದ ಈ ಊರಿನ ಕೆಲವು ಬೀದಿಗಳಲ್ಲಿ ಥಾಯ್‌ಗಿಂತ ಬರ್ಮೀ ಮಾತೇ ಹೆಚ್ಚು ಕಿವಿಗೆ ಬೀಳುತ್ತದೆ. ಬರ್ಮಾದ ಪ್ರಜಾಪ್ರಭುತ್ವ ಹೋರಾಟದ ನಾಯಕಿ ಆಂಗ್ ಸಾನ್ ಸೂ ಚಿ 24 ವರ್ಷಗಳ ನಂತರ ಮೊದಲ ಬಾರಿಗೆ ದೇಶದ ಹೊರಗೆ ಕಾಲಿಟ್ಟಾಗ, 2012ರ ಮೇ ತಿಂಗಳಲ್ಲಿ, ಬಂದದ್ದು ಇಲ್ಲಿಗೆ. ಅಧಿಕಾರಕ್ಕೆ ಬಂದ ಮೇಲೆ 2016ರ ಜೂನ್‌ನಲ್ಲಿ ಅವರು ಮತ್ತೆ ಇದೇ ಪ್ರಾಂತ್ಯದ ಕಾರ್ಮಿಕರನ್ನು ಕಾಣಲು ಬಂದರು. ಲೋಪ್‌ಬುರಿಯ ಹದಿನಾಲ್ವರ ದೂರು ರೂಪುಗೊಳ್ಳುತ್ತಿದ್ದದ್ದೂ ಅದೇ ದಿನಗಳಲ್ಲಿ.

ಮಹಾಚಾಯ್‌ನಲ್ಲಿ 2009ರಲ್ಲಿ ಬರ್ಮಾದ ಕಾರ್ಮಿಕರೇ ಸೇರಿ ವಲಸೆ ಕಾರ್ಮಿಕರ ಹಕ್ಕುಗಳ ಜಾಲ ಎಂಬ ಸಂಘಟನೆಯನ್ನು ಕಟ್ಟಿದ್ದರು, ಹದಿನಾಲ್ವರಿಗೆ ನೆರವಾದದ್ದು ಇದೇ. ಎಂಡಬ್ಲ್ಯುಆರ್‌ಎನ್ ಎಂಬುದು ಅದರ ಪ್ರಚಲಿತ ಹೆಸರು. ಕಾನೂನಿನ ಕಣ್ಣಿನಲ್ಲಿ ಅದು ಕಾರ್ಮಿಕ ಸಂಘವಲ್ಲ, ಆಗುವಂತೆಯೂ ಇರಲಿಲ್ಲ. ಥಾಯ್ಲೆಂಡಿನ ಸರ್ಕಾರಿ ಉದ್ಯಮಗಳ ಕಾರ್ಮಿಕ ಒಕ್ಕೂಟದ ಬೆಂಬಲ ಅದಕ್ಕಿತ್ತು. ಇಂಥ ಸಂಘಟನೆಗಳು ಮಾಡುವ ಕೆಲಸ ಹೊರಗಿನವರಿಗೆ ಸಣ್ಣದೆನಿಸಬಹುದು: ಕೂಲಿ ಚೀಟಿಯನ್ನು ಓದಿ ಹೇಳುವುದು, ದೂರಿನ ಅರ್ಜಿ ತುಂಬಿಸುವುದು, ಆಸ್ಪತ್ರೆಗೋ ಠಾಣೆಗೋ ದುಭಾಷಿಯಾಗಿ ಹೋಗುವುದು, ರಜೆಯ ದಿನ ಹತ್ತಿಪ್ಪತ್ತು ಜನರನ್ನು ಕೂರಿಸಿಕೊಂಡು ಕಾಯಿದೆಯಲ್ಲಿ ಏನಿದೆ ಎಂದು ಬರ್ಮೀ ಭಾಷೆಯಲ್ಲಿ ತಿಳಿಸುವುದು. ಚಿಯಾಂಗ್ ಮಾಯ್‌ನ ಮ್ಯಾಪ್ ಫೌಂಡೇಶನ್ 1996ರಿಂದ ಇದೇ ಬಗೆಯ ಕೆಲಸವನ್ನು ಕಿರುಪುಸ್ತಕಗಳ ಮೂಲಕವೂ ವಲಸಿಗರ ಭಾಷೆಗಳ ಸಮುದಾಯ ರೇಡಿಯೋ ಮೂಲಕವೂ ಮಾಡುತ್ತ ಬಂದಿದೆ. ಗಡಿಪಟ್ಟಣ ಮೇ ಸೋಟ್‌ನ ಯಾಂಗ್ ಚಿ ಊ ಕಾರ್ಮಿಕರ ಸಂಸ್ಥೆಯೂ ಉಡುಪು ಕಾರ್ಖಾನೆಗಳವರ ನಡುವೆ ಇದನ್ನೇ ಮಾಡಿದೆ. ಇದನ್ನು ಶಿಕ್ಷಣವೆಂದು ಕರೆಯಲು ಕೆಲವರು ಹಿಂಜರಿಯುತ್ತಾರೆ, ನನಗೆ ಆ ಹಿಂಜರಿಕೆಯಿಲ್ಲ.

ದೂರು ಮತ್ತು ಆದೇಶ

ಹದಿನಾಲ್ವರು ದುಡಿಯುತ್ತಿದ್ದ ಫಾರಂ ತಮ್ಮಕಸೇತ್ ಎಂಬ ಕಂಪನಿಯದು. ಅದು ಬೆಟಾಗ್ರೋ ಎಂಬ ದೊಡ್ಡ ಆಹಾರ ಕಂಪನಿಗೆ ಕೋಳಿ ಪೂರೈಸುತ್ತಿತ್ತು, ಪ್ರಕರಣ ಹೊರಬಿದ್ದ ಮೇಲೆ ಬೆಟಾಗ್ರೋ ಆ ವ್ಯವಹಾರವನ್ನು ಕಡಿದುಕೊಂಡಿತು. ಕಾರ್ಮಿಕರು 2016ರ ಜುಲೈನಲ್ಲಿ ರಾಷ್ಟ್ರೀಯ ಮಾನವ ಹಕ್ಕು ಆಯೋಗಕ್ಕೂ ಕಾರ್ಮಿಕ ಇಲಾಖೆಗೂ ಹೇಳಿಕೊಂಡದ್ದು ಇದು: ಹಗಲಿನ ಪಾಳಿ ಮುಗಿದ ಮೇಲೆ ರಾತ್ರಿಯೂ ಕೋಳಿಗಳನ್ನು ನೋಡಿಕೊಂಡು ಕೋಳಿಮನೆಗಳಲ್ಲೇ ಮಲಗಬೇಕಿತ್ತು, ದಿನಕ್ಕೆ 20 ಗಂಟೆಯವರೆಗೆ, ಒಂದು ದಿನವೂ ರಜೆಯಿಲ್ಲದೆ 40 ದಿನಗಳಿಗೂ ಹೆಚ್ಚು ಕಾಲ ಎಡೆಬಿಡದೆ ದುಡಿಯಬೇಕಿತ್ತು, ಕೊಡುತ್ತಿದ್ದುದು ಕನಿಷ್ಠ ಕೂಲಿಗಿಂತ ಕಡಿಮೆ, ಪಾಸ್‌ಪೋರ್ಟುಗಳು ತಮ್ಮ ಕೈಯಲ್ಲಿರಲಿಲ್ಲ, ಓಡಾಟಕ್ಕೂ ಅಡ್ಡಿಯಿತ್ತು. ಕಂಪನಿ ಈ ಆರೋಪಗಳನ್ನು ನಿರಾಕರಿಸಿತು.

ಹಾಜರಿ ಕಾರ್ಡಿನ ಬೆಲೆ ಏನೆಂದು ತಿಳಿಯಲು ಇಲ್ಲಿ ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ಆಗ ಥಾಯ್ಲೆಂಡಿನ ಕನಿಷ್ಠ ದಿನಗೂಲಿ 300 ಬಾಟ್, ಅಂದರೆ ಎಂಟು ಗಂಟೆಯ ದಿನದಲ್ಲಿ ಗಂಟೆಗೆ 37.50. ಹೆಚ್ಚುವರಿ ದುಡಿಮೆಗೆ ಒಂದೂವರೆ ಪಟ್ಟು, ಅಂದರೆ ಗಂಟೆಗೆ 56.25. ಒಬ್ಬ ಕಾರ್ಮಿಕ ನಿಜಕ್ಕೂ 20 ಗಂಟೆ ದುಡಿದಿದ್ದಾನೆಂದು ಸಾಬೀತಾದರೆ ಆ ಒಂದು ದಿನಕ್ಕೆ ಅವನಿಗೆ ಸಲ್ಲಬೇಕಾದ್ದು 300ಕ್ಕೆ 675 ಸೇರಿಸಿ 975 ಬಾಟ್, ಎಂದರೆ ಮೂರು ಪಟ್ಟಿಗಿಂತ ಹೆಚ್ಚು. ರಜೆಯ ದಿನ ದುಡಿದಿದ್ದರೆ ಲೆಕ್ಕ ಇನ್ನೂ ಮೇಲೇರುತ್ತದೆ. ‘ರಾತ್ರಿ ದುಡಿದೆ’ ಎಂಬ ಮಾತಿನಿಂದ ಈ ಹಣ ಬರುವುದಿಲ್ಲ. ಯಾವ ದಿನ, ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತಿಗೆ ಮುಗಿಯಿತು ಎಂಬ ಅಚ್ಚಿನಿಂದ ಮಾತ್ರ ಬರುತ್ತದೆ. ಆ ಅಚ್ಚು ಹಾಜರಿ ಕಾರ್ಡಿನಲ್ಲಿ ದಿನದಿನವೂ ಬೀಳುತ್ತಿತ್ತು, ಅದನ್ನು ಹಾಕಿಸುತ್ತಿದ್ದವರು ಅವರೇ. ಆದರೆ ಅದು ತಮ್ಮ ಪರವಾಗಿ ಮಾತಾಡಬಲ್ಲ ಕಾಗದವೆಂಬ ಅರಿವು ಬೇರೆಯೇ ಸಂಗತಿ. ದುಡಿಯುವವನಿಗೆ ಆ ಅರಿವನ್ನು ಕೊಡುವುದಕ್ಕಿಂತ ಮುಖ್ಯವಾದ ಪಾಠ ಯಾವುದೆಂದು ನನಗೆ ತೋಚುವುದಿಲ್ಲ.

ಲೋಪ್‌ಬುರಿಯ ಕಾರ್ಮಿಕ ರಕ್ಷಣೆ ಮತ್ತು ಕಲ್ಯಾಣ ಕಚೇರಿ 2016ರ ಆಗಸ್ಟ್ 1ರಂದು ಆದೇಶ ಹೊರಡಿಸಿತು: ಕಂಪನಿಯು ಹದಿನಾಲ್ವರಿಗೆ ಒಟ್ಟು ಸುಮಾರು 17 ಲಕ್ಷ ಬಾಟ್ ಕೊಡಬೇಕು. ತಲಾ ಹಂಚಿದರೆ ಒಬ್ಬೊಬ್ಬರಿಗೆ 1 ಲಕ್ಷ 21 ಸಾವಿರದಷ್ಟು, ಅಂದಿನ ಕನಿಷ್ಠ ಕೂಲಿಯಲ್ಲಿ ಸುಮಾರು 400 ದಿನದ ಗಳಿಕೆ. ಕಾರ್ಮಿಕರ ಬೇಡಿಕೆ ಇದಕ್ಕಿಂತ ಬಹಳ ದೊಡ್ಡದಿತ್ತು. ಅವರು ಕಾರ್ಮಿಕ ನ್ಯಾಯಾಲಯದ ಮೆಟ್ಟಿಲೇರಿದರೂ ಆ ದೊಡ್ಡ ಮೊತ್ತ ಸಿಗಲಿಲ್ಲ. ಮಾನವ ಹಕ್ಕು ಆಯೋಗ ಕನಿಷ್ಠ ಕೂಲಿ, ಹೆಚ್ಚುವರಿ ದುಡಿಮೆ ಮತ್ತು ರಜೆಯ ವಿಷಯದಲ್ಲಿ ಕಾನೂನಿನ ಉಲ್ಲಂಘನೆ ನಡೆದಿದೆಯೆಂದು ಹೇಳಿತು, ಬಲವಂತದ ದುಡಿಮೆ ನಡೆದಿದೆಯೆಂದು ಮಾತ್ರ ಹೇಳಲಿಲ್ಲ. ಈ ಭೇದವನ್ನು ಓದುಗರು ಗಮನದಲ್ಲಿಟ್ಟುಕೊಳ್ಳಬೇಕು, ಮುಂದೆ ಒಬ್ಬ ವರದಿಗಾರ್ತಿಯ ಪಾಲಿಗೆ ಇದೇ ಕುತ್ತಾಯಿತು. ಕಂಪನಿ ಆದೇಶವನ್ನು ಪ್ರಶ್ನಿಸಿತು. ಮೇಲಿನ ನ್ಯಾಯಾಲಯಗಳು ಆದೇಶವನ್ನೇ ಎತ್ತಿಹಿಡಿದವು, ಸರ್ವೋಚ್ಚ ನ್ಯಾಯಾಲಯದಲ್ಲೂ ಅದು ಬದಲಾಗಲಿಲ್ಲ. ಆದರೂ ಹಣ ಕಾರ್ಮಿಕರ ಕೈಸೇರಲು ವರ್ಷಗಳೇ ಹಿಡಿದವು.

ದೂರೇ ಅಪರಾಧವಾದದ್ದು

ಆದೇಶ ಬಂದು ಎರಡು ತಿಂಗಳು ಕಳೆಯುತ್ತಲೇ, 2016ರ ಅಕ್ಟೋಬರ್‌ನಲ್ಲಿ, ಕಂಪನಿ ಬ್ಯಾಂಕಾಕಿನ ದೋನ್ ಮುವಾಂಗ್ ನ್ಯಾಯಾಲಯದಲ್ಲಿ ಹದಿನಾಲ್ವರ ಮೇಲೂ ಕ್ರಿಮಿನಲ್ ಮೊಕದ್ದಮೆ ಹೂಡಿತು. ಆಯೋಗಕ್ಕೆ ಕೊಟ್ಟ ದೂರಿನಲ್ಲಿ ಸರ್ಕಾರಿ ಅಧಿಕಾರಿಗೆ ಸುಳ್ಳು ಮಾಹಿತಿ ನೀಡಿದರು, ಕಂಪನಿಯ ಮಾನ ಕಳೆದರು ಎಂಬುದು ಆರೋಪ. ಥಾಯ್ಲೆಂಡಿನಲ್ಲಿ ಖಾಸಗಿಯವರು ಪೊಲೀಸರನ್ನಾಗಲಿ ಸರ್ಕಾರಿ ವಕೀಲರನ್ನಾಗಲಿ ಕಾಯದೆ ತಾವೇ ನೇರವಾಗಿ ಕ್ರಿಮಿನಲ್ ಮೊಕದ್ದಮೆ ಹೂಡಬಹುದು. ಮಾನನಷ್ಟಕ್ಕೆ ಅಲ್ಲಿನ ದಂಡಸಂಹಿತೆಯ 326ನೇ ವಿಧಿಯಡಿ ಒಂದು ವರ್ಷದವರೆಗೆ, ಪ್ರಕಟಣೆಯ ಮೂಲಕ ಮಾಡಿದ ಮಾನನಷ್ಟಕ್ಕೆ 328ನೇ ವಿಧಿಯಡಿ ಎರಡು ವರ್ಷದವರೆಗೆ ಜೈಲು ಇದೆ. ದಿನಗೂಲಿಯವನು ಆರೋಪಿಯ ಸ್ಥಾನದಲ್ಲಿ ನಿಂತರೆ ತೀರ್ಪು ಏನಾದರೂ ಆಗಲಿ, ವಾಯಿದೆಗಳಿಗೆ ಅಲೆಯುವುದರಲ್ಲೇ ಅವನ ಅರ್ಧ ಶಿಕ್ಷೆ ಮುಗಿದಿರುತ್ತದೆ. ಹೊಸ ಮಾಲೀಕನಿಗೆ ರಜೆ ಕೇಳಬೇಕು, ಕಾಗದಗಳು ಚಾಲ್ತಿಯಲ್ಲಿರುವಂತೆ ನೋಡಿಕೊಳ್ಳಬೇಕು, ಜಾಮೀನು ಹೊಂದಿಸಬೇಕು, ತನಗೆ ಅರ್ಥವಾಗದ ಭಾಷೆಯಲ್ಲಿ ತನ್ನ ಬಗ್ಗೆಯೇ ನಡೆಯುವ ಮಾತನ್ನು ದುಭಾಷಿಯ ಬಾಯಿಂದ ಕೇಳಬೇಕು.

ಇದರ ಜೊತೆಗೆ ಬಂದದ್ದು ಕಳವಿನ ಆರೋಪ. ಹಾಜರಿ ಕಾರ್ಡುಗಳು ಕಂಪನಿಯ ಸ್ವತ್ತು, ಅವನ್ನು ಫಾರಂನಿಂದ ಹೊರಗೆ ತಂದು ಅಧಿಕಾರಿಗಳಿಗೆ ತೋರಿಸಿದ್ದು ಕಳ್ಳತನ ಎಂದು ಇಬ್ಬರು ಕಾರ್ಮಿಕರ ಮೇಲೂ ಅವರಿಗೆ ನೆರವಾದ ಎಂಡಬ್ಲ್ಯುಆರ್‌ಎನ್‌ನ ಥಾಯ್ ಸಂಯೋಜಕಿಯ ಮೇಲೂ ದೂರು ದಾಖಲಾಯಿತು. ರಟ್ಟಿನ ಚೂರುಗಳಿಗೆ ಸಂತೆಯಲ್ಲಿ ಬೆಲೆಯಿಲ್ಲ, ಅವುಗಳ ಬೆಲೆಯೆಲ್ಲ ಅವುಗಳ ಮೇಲಿನ ಅಚ್ಚಿನಲ್ಲಿತ್ತು. ಕೊನೆಗೆ ಈ ಆರೋಪ ನ್ಯಾಯಾಲಯದಲ್ಲಿ ನಿಲ್ಲಲಿಲ್ಲ. ನಿಂತಿದ್ದರೆ ಏನಾಗುತ್ತಿತ್ತೆಂದು ಯೋಚಿಸಿದಾಗಲೆಲ್ಲ ನನಗೆ ಕಳವಳವಾಗುತ್ತದೆ, ಏಕೆಂದರೆ ತನ್ನ ದುಡಿಮೆಯ ಪುರಾವೆಯನ್ನು ಮುಟ್ಟುವ ಹಕ್ಕು ದುಡಿದವನಿಗಿಲ್ಲ ಎಂದಾದರೆ ಕಾರ್ಮಿಕ ಕಾಯಿದೆಯ ಉಳಿದ ಪುಟಗಳಿಗೆ ಅರ್ಥವೇ ಇರುವುದಿಲ್ಲ.

ದೋನ್ ಮುವಾಂಗ್ ನ್ಯಾಯಾಲಯದ ವಿಚಾರಣೆ 2018ರ ಫೆಬ್ರುವರಿಯಲ್ಲಿ ನಡೆದು ಜುಲೈ 11ರಂದು ತೀರ್ಪು ಬಂತು. ಹದಿನಾಲ್ವರೂ ಖುಲಾಸೆಯಾದರು. ತಮ್ಮ ಹಕ್ಕನ್ನು ಕಾಪಾಡಿಕೊಳ್ಳಲು ಸದ್ಭಾವನೆಯಿಂದ ಕೊಟ್ಟ ದೂರು ಅಪರಾಧವಾಗದು ಎಂಬ ನೆಲೆಯಲ್ಲಿ ಅವರಿಗೆ ಬಿಡುಗಡೆ ಸಿಕ್ಕಿತು.

ಮೊಕದ್ದಮೆಗಳು ಅಷ್ಟಕ್ಕೇ ಮುಗಿಯಲಿಲ್ಲ. ಎಂಡಬ್ಲ್ಯುಆರ್‌ಎನ್‌ಗೆ ಸಲಹೆಗಾರರಾಗಿದ್ದ ಬ್ರಿಟಿಷ್ ಕಾರ್ಯಕರ್ತ ಆಂಡಿ ಹಾಲ್ ಮೇಲೆ ಅವರ ಟ್ವೀಟುಗಳಿಗಾಗಿ 2016ರಲ್ಲೇ ಮೊಕದ್ದಮೆ ಬಿದ್ದಿತ್ತು. ಬೇರೊಂದು ಹಣ್ಣಿನ ಕಂಪನಿಯ ಪ್ರಕರಣದಲ್ಲಿ ಆಗಲೇ ಶಿಕ್ಷೆಗೊಳಗಾಗಿದ್ದ ಅವರು ಆ ವರ್ಷದ ನವೆಂಬರ್‌ನಲ್ಲಿ ದೇಶ ಬಿಟ್ಟರು. ಫೋರ್ಟಿಫೈ ರೈಟ್ಸ್ ಎಂಬ ಮಾನವ ಹಕ್ಕು ಸಂಸ್ಥೆ 2017ರ ಅಕ್ಟೋಬರ್‌ನಲ್ಲಿ 107 ಸೆಕೆಂಡುಗಳ ಒಂದು ಕಿರುಚಿತ್ರ ಹೊರತಂದಿತು. ಅದರಲ್ಲಿ ಮೂವರು ಕಾರ್ಮಿಕರು ತಮ್ಮ ಅನುಭವ ಹೇಳುತ್ತಾರೆ, ಅಷ್ಟೆ. ಮಾತಾಡಿದ ಕಾರ್ಮಿಕನ ಮೇಲೆ, ಅದನ್ನು ಹಂಚಿಕೊಂಡವರ ಮೇಲೆ, ಮೊಕದ್ದಮೆಗೆ ಒಳಗಾದವರಿಗೆ ಬೆಂಬಲ ಸೂಚಿಸಿದವರ ಮೇಲೆ ಹೀಗೆ ಒಂದರ ಹಿಂದೊಂದು ಪ್ರಕರಣಗಳು ದಾಖಲಾದವು. ಒಟ್ಟಾರೆ ಕಂಪನಿ ಇಪ್ಪತ್ತಕ್ಕೂ ಹೆಚ್ಚು ಜನರ ಮೇಲೆ ಮೂವತ್ತಕ್ಕೂ ಹೆಚ್ಚು ದೂರುಗಳನ್ನು ದಾಖಲಿಸಿತು. ಕಾರ್ಮಿಕನೂ ಫೋರ್ಟಿಫೈ ರೈಟ್ಸ್‌ನ ಮಾಜಿ ಸಿಬ್ಬಂದಿಯೊಬ್ಬರೂ 2020ರ ಜೂನ್ 8ರಂದು ಖುಲಾಸೆಯಾದರು.

ವರದಿಗಾರ್ತಿಯ ಪ್ರಕರಣವನ್ನು ಪ್ರತ್ಯೇಕವಾಗಿ ನೋಡಬೇಕು. ವಾಯ್ಸ್ ಟಿವಿ ಎಂಬ ಥಾಯ್ ವಾಹಿನಿಯಲ್ಲಿದ್ದ ಆ ಪತ್ರಕರ್ತೆ ಕಾರ್ಮಿಕರಿಗೆ ಪರಿಹಾರ ಕೊಡಬೇಕೆಂಬ ನ್ಯಾಯಾಲಯದ ತೀರ್ಮಾನವನ್ನು ಟ್ವೀಟ್ ಮಾಡುವಾಗ ಗುಲಾಮ ದುಡಿಮೆ ಎಂಬ ಅರ್ಥದ ಥಾಯ್ ಪದವನ್ನು ಬಳಸಿದ್ದರು. ಲೋಪ್‌ಬುರಿ ನ್ಯಾಯಾಲಯ 2019ರ ಡಿಸೆಂಬರ್ 24ರಂದು ಅವರಿಗೆ ಎರಡು ವರ್ಷ ಜೈಲುಶಿಕ್ಷೆ ವಿಧಿಸಿತು, ಮೇಲ್ಮನವಿ ನ್ಯಾಯಾಲಯ 2020ರ ಅಕ್ಟೋಬರ್‌ನಲ್ಲಿ ಅದನ್ನು ರದ್ದುಪಡಿಸಿತು. ಆಯೋಗ ಬಳಸದಿದ್ದ ಒಂದು ಪದಕ್ಕೆ ಹತ್ತು ತಿಂಗಳ ಕಾಲ ಎರಡು ವರ್ಷದ ಜೈಲಿನ ನೆರಳು ಬಿದ್ದಿತ್ತು. ಹದಿನೈದಿಪ್ಪತ್ತು ಗಂಟೆ ದುಡಿದೆನೆಂದು ಹೇಳುವವನಿಗೆ ತನ್ನ ಬದುಕನ್ನು ಯಾವ ಪದದಲ್ಲಿ ಬಣ್ಣಿಸಬೇಕೆಂದು ಮತ್ತೊಬ್ಬರು ಅಪ್ಪಣೆ ಕೊಡುವುದು ನ್ಯಾಯವಲ್ಲ ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ. ಆದರೂ ನೆರವಿಗೆ ಹೋಗುವವರು ದೂರಿನ ಭಾಷೆಯನ್ನೂ ಭಾವನೆಯ ಭಾಷೆಯನ್ನೂ ಬೇರೆ ಮಾಡಿ ಕಲಿಸಬೇಕಾಗುತ್ತದೆ. ‘ರಾತ್ರಿ ಏಳಕ್ಕೆ ಕಾರ್ಡು ಹಾಕಿದೆ, ಬೆಳಗಿನ ಐದಕ್ಕೆ ಮತ್ತೆ ಹಾಕಿದೆ’ ಎಂಬಂಥ ವಾಕ್ಯದ ಮೇಲೆ ಮಾನನಷ್ಟದ ಮೊಕದ್ದಮೆ ಹೂಡುವುದು ಕಷ್ಟ, ಹೂಡಿದರೂ ಗೆಲ್ಲುವುದು ಇನ್ನೂ ಕಷ್ಟ.

ಈ ಸರಣಿಯಲ್ಲಿ ಮಾನವ ಹಕ್ಕು ಆಯೋಗದ ಮಾಜಿ ಸದಸ್ಯೆ ಅಂಗ್‌ಖನಾ ನೀಲಪೈಜಿತ್ ಸೇರಿದಂತೆ ಮೂವರು ಮಹಿಳೆಯರು ಸಾಮಾಜಿಕ ಜಾಲತಾಣದಲ್ಲಿ ಬೆಂಬಲದ ಮಾತು ಬರೆದದ್ದಕ್ಕಾಗಿ ಆರೋಪಿಗಳಾಗಿದ್ದ ಪ್ರಕರಣ ಬ್ಯಾಂಕಾಕಿನಲ್ಲಿ 2023ರ ಆಗಸ್ಟ್ 29ರವರೆಗೆ ನಡೆಯಿತು, ಅಂದು ಅವರೂ ಬಿಡುಗಡೆಯಾದರು. ಹದಿನಾಲ್ವರು ಫಾರಂ ತೊರೆದು ಆಗ ಏಳು ವರ್ಷ ಕಳೆದಿತ್ತು. ಈ ನಡುವೆ ಥಾಯ್ಲೆಂಡ್ ತನ್ನ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆಗೆ 161/1 ಎಂಬ ಹೊಸ ವಿಧಿಯನ್ನು ಸೇರಿಸಿ, ಕಿರುಕುಳದ ಉದ್ದೇಶದಿಂದ ಹೂಡಿದ ಖಾಸಗಿ ಮೊಕದ್ದಮೆಗಳನ್ನು ಆರಂಭದಲ್ಲೇ ವಜಾ ಮಾಡುವ ಅಧಿಕಾರವನ್ನು ನ್ಯಾಯಾಧೀಶರಿಗೆ ಕೊಟ್ಟಿತು, 2019ರಲ್ಲಿ ಉದ್ಯಮ ಮತ್ತು ಮಾನವ ಹಕ್ಕುಗಳ ಕುರಿತ ರಾಷ್ಟ್ರೀಯ ಕ್ರಿಯಾಯೋಜನೆಯನ್ನೂ ಅಂಗೀಕರಿಸಿತು. ಎರಡೂ ಒಳ್ಳೆಯ ಹೆಜ್ಜೆಗಳೇ. ಆದರೆ ಅವು ಜಾರಿಯಲ್ಲಿದ್ದಾಗಲೂ ಈ ಮೂವರು ಪೂರ್ಣ ವಿಚಾರಣೆ ಮುಗಿಯುವವರೆಗೂ ಆರೋಪಿಗಳಾಗಿಯೇ ಉಳಿದರು.

ಕಲಿಸುವವರು ಯಾರು, ಏನನ್ನು

ಕಾರ್ಮಿಕರ ಮಕ್ಕಳ ಶಿಕ್ಷಣಕ್ಕೆ ಥಾಯ್ಲೆಂಡಿನಲ್ಲಿ ಒಂದು ಆಧಾರವಿದೆ. 2005ರ ಜುಲೈನಲ್ಲಿ ಅಲ್ಲಿನ ಸಚಿವ ಸಂಪುಟ, ಪೌರತ್ವದ ಕಾಗದವಿಲ್ಲದ ಮಕ್ಕಳಿಗೂ ಸರ್ಕಾರಿ ಶಾಲೆಯಲ್ಲಿ ಪ್ರವೇಶವಿರಬೇಕೆಂದು ತೀರ್ಮಾನಿಸಿತು. ಇಂಥ ವಿದ್ಯಾರ್ಥಿಗಳಿಗೆ ‘ಜಿ’ ಅಕ್ಷರದಿಂದ ಆರಂಭವಾಗುವ ಗುರುತಿನ ಸಂಖ್ಯೆಯೂ ಸಿಗುತ್ತದೆ. ಮೇ ಸೋಟ್ ಇರುವ ತಾಕ್ ಪ್ರಾಂತ್ಯದಲ್ಲಿ ವಲಸಿಗರೇ ನಡೆಸುವ ಕಲಿಕಾ ಕೇಂದ್ರಗಳು ಅರವತ್ತಕ್ಕೂ ಹೆಚ್ಚಿವೆ. ದಾನಿಗಳ ಹಣ ಏರಿಳಿದಂತೆ ಅವು ತೂಗಾಡುತ್ತವೆ, ಆದರೂ ಮಕ್ಕಳ ಮಟ್ಟಿಗೆ ಹಕ್ಕು ಎಂಬ ಮಾತನ್ನು ಸರ್ಕಾರ ಒಪ್ಪಿಕೊಂಡಿದೆ. ಅಪ್ಪ ಅಮ್ಮಂದಿರ ಕಲಿಕೆಗೆ ಅಂಥ ತೀರ್ಮಾನವಿಲ್ಲ. ಹದಿನೆಂಟಕ್ಕೆ ಗಡಿ ದಾಟಿ ಬಂದವಳು ಶಾಲೆಗೆ ಸೇರುವ ವಯಸ್ಸಿನವಳಲ್ಲ, ದುಡಿಯುವವರ ತರಬೇತಿಯೆಂದರೆ ಮಾಲೀಕನಿಗೆ ಬೇಕಾದ ಕೌಶಲವಷ್ಟೇ ಆಗಿರುತ್ತದೆ. ಉಳಿದದ್ದೆಲ್ಲ ಭಾನುವಾರದ ತರಗತಿಗಳ ಪಾಲು. ವಾರಕ್ಕೊಂದು ರಜೆ ಸಿಗದವರಿಗೆ ಆ ತರಗತಿಯೂ ಇಲ್ಲವೆಂಬುದನ್ನು ಮರೆಯುವಂತಿಲ್ಲ. ರಜೆಯ ಹಕ್ಕಿಲ್ಲದೆ ಕಲಿಕೆಯಿಲ್ಲ, ಕಲಿಕೆಯಿಲ್ಲದೆ ರಜೆಯ ಹಕ್ಕು ಗೊತ್ತಾಗುವುದಿಲ್ಲ. ಲೋಪ್‌ಬುರಿಯಂಥ ಒಳನಾಡಿನ ಫಾರಂಗಳಿಂದ ಮಹಾಚಾಯ್‌ನ ತರಗತಿಗಳು ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರ.

ಬರ್ಮಾದಲ್ಲಿ 2021ರ ಫೆಬ್ರುವರಿ 1ರಂದು ಸೇನೆ ಅಧಿಕಾರ ಕಿತ್ತುಕೊಂಡ ಮೇಲೆ ಈ ಕೆಲಸ ಇನ್ನೂ ತುರ್ತಿನದಾಗಿದೆ. ಕಡ್ಡಾಯ ಸೈನ್ಯಸೇವೆಯ ಕಾನೂನನ್ನು 2024ರಲ್ಲಿ ಜಾರಿಗೆ ತಂದ ನಂತರ ಯುವಕ ಯುವತಿಯರು ಇನ್ನೂ ದೊಡ್ಡ ಸಂಖ್ಯೆಯಲ್ಲಿ ಗಡಿ ದಾಟುತ್ತಿದ್ದಾರೆ. 2016ರ ಹದಿನಾಲ್ವರಿಗೆ ಬೇಸತ್ತರೆ ಊರಿಗೆ ಮರಳುವ ದಾರಿಯಾದರೂ ತೆರೆದಿತ್ತು. ಇಂದು ಮಾಲೀಕನ ಎದುರು ತುಟಿ ಬಿಚ್ಚುವ ಯುವಕ ಗಡೀಪಾರಾದರೆ ಅವನನ್ನು ಕಾದಿರುವುದು ಸೇನೆಯ ಶಿಬಿರ. ಭಯ ಹೆಚ್ಚಿದಷ್ಟೂ ಪುರಾವೆಯನ್ನು ಮೊದಲೇ ಕೂಡಿಟ್ಟುಕೊಳ್ಳುವ ಕಲಿಕೆ ಮುಖ್ಯವಾಗುತ್ತದೆ.

ಲೋಪ್‌ಬುರಿಯ ಅನುಭವದಿಂದ ಆ ತರಗತಿಗೆ ಬೇಕಾದ ಪಾಠಗಳನ್ನು ನಾನು ಹೀಗೆ ಕಾಣುತ್ತೇನೆ. ಮೊದಲು ಥಾಯ್ ಅಂಕಿ, ತಿಂಗಳ ಹೆಸರು, ಬೌದ್ಧಶಕೆಯ ಇಸವಿಯಿಂದ 543 ಕಳೆಯುವ ಲೆಕ್ಕ. ಆಮೇಲೆ ಕೂಲಿ, ಗಂಟೆ, ರಜೆ, ಕಡಿತ ಎಂಬ ಹತ್ತಿಪ್ಪತ್ತು ಥಾಯ್ ಪದಗಳು, ಪತ್ರಿಕೆ ಓದುವಷ್ಟು ಥಾಯ್ ಕಲಿಯುವವರೆಗೆ ಕಾಯುವುದು ಬೇಡ. ನಂತರ ಗಂಟೆಯ ಕೂಲಿಯನ್ನು ಒಂದೂವರೆಯಿಂದ ಗುಣಿಸುವುದು. ಅರ್ಥವಾಗದ ಹಾಳೆಗೆ ಸಹಿ ಹಾಕುವ ಮೊದಲು ಯಾರನ್ನು ಕೇಳಬೇಕೆಂಬ ಒಂದು ದೂರವಾಣಿ ಸಂಖ್ಯೆ ಬಾಯಿಪಾಠವಾಗಿರಬೇಕು. ಕಾರ್ಡನ್ನು ಹೊರಗೆ ಒಯ್ಯಬಾರದು, ಪಾಳಿ ಮುಗಿದಾಗ ಎರಡೂ ಮಗ್ಗುಲಿನ ಚಿತ್ರವನ್ನು ಮೊಬೈಲಿನಲ್ಲಿ ತೆಗೆದು ಅಂದೇ ನಂಬಿಕಸ್ಥರೊಬ್ಬರಿಗೆ ಕಳಿಸಿಟ್ಟಿರಬೇಕು, ಇದನ್ನು ಒಬ್ಬರೇ ಮಾಡದೆ ಪಾಳಿಯವರೆಲ್ಲ ಮಾಡಬೇಕು. ಜೊತೆಗೆ ಒಂದು ಸಣ್ಣ ಪುಸ್ತಕದಲ್ಲಿ ಬರ್ಮೀ ಲಿಪಿಯಲ್ಲೋ ಕರೆನ್ ಲಿಪಿಯಲ್ಲೋ ಬಂದ ಹೊತ್ತು, ಹೋದ ಹೊತ್ತು ಬರೆದುಕೊಳ್ಳಬೇಕು. ಕಾರ್ಡು ಕಂಪನಿಯ ಸ್ವತ್ತೆಂದು ಯಾರಾದರೂ ವಾದಿಸಿದರೂ ಆ ಪುಸ್ತಕ ಬರೆದವಳದು.

ಇಷ್ಟನ್ನು ಕಲಿಸಿ ಕೈತೊಳೆದುಕೊಂಡರೆ ಮಾತ್ರ ಅನ್ಯಾಯವಾದೀತು. ತರಗತಿಯಲ್ಲಿ ಧೈರ್ಯ ತುಂಬಿಸಿಕೊಂಡು ಹೋಗಿ ದೂರು ಕೊಟ್ಟವನು ಮರುವರ್ಷ ಆರೋಪಿಯಾಗಿ ನಿಂತಾಗ ವಕೀಲರು, ಜಾಮೀನಿನ ಹಣ, ದುಭಾಷಿ, ವಾಯಿದೆಯ ದಿನದ ಕೂಲಿ ಎಲ್ಲವೂ ಬೇಕಾಗುತ್ತದೆ, ಏಳು ವರ್ಷದವರೆಗೆ ಬೇಕಾಗಬಹುದು. ಒಂದು ವರ್ಷದ ಯೋಜನೆಗೆ ಹಣ ಕೊಟ್ಟು ತರಬೇತಿ ಪಡೆದವರ ತಲೆ ಎಣಿಸುವ ದಾನಿಗಳಿಗೆ ಈ ಪ್ರಕರಣದ ದಿನಾಂಕಗಳನ್ನು ಒಂದರ ಕೆಳಗೊಂದು ಬರೆದು ತೋರಿಸಬೇಕೆಂದು ನನಗೆ ಅನಿಸುತ್ತದೆ: 2016ರ ಆಗಸ್ಟ್ 1ರ ಆದೇಶ, ಅದೇ ಅಕ್ಟೋಬರ್‌ನ ಮೊಕದ್ದಮೆ, 2018ರ ಜುಲೈ 11ರ ಖುಲಾಸೆ, 2019ರ ಡಿಸೆಂಬರ್ 24ರ ಜೈಲುಶಿಕ್ಷೆ, 2020ರ ಅಕ್ಟೋಬರ್‌ನ ರದ್ದತಿ, 2023ರ ಆಗಸ್ಟ್ 29ರ ಬಿಡುಗಡೆ. ಹಾಜರಿ ಕಾರ್ಡಿನ ಚಿತ್ರ ತೆಗೆಯಲು ಹೇಳಿಕೊಡುವವರು ಆ ಕೊನೆಯ ದಿನಾಂಕದವರೆಗೂ ನ್ಯಾಯಾಲಯದ ಪಡಸಾಲೆಯಲ್ಲಿ ಜೊತೆಗೆ ಕೂರುವ ಸಿದ್ಧತೆಯನ್ನು ಮೊದಲ ತರಗತಿಗೆ ಮುಂಚೆಯೇ ಮಾಡಿಕೊಂಡಿರಬೇಕು.